ಮಾವ, ದೆವ್ವ ಮತ್ತು ಲೂಸ್ ಕನೆಕ್ಷನ್

ನಮ್ಮ ಸೋದರಮಾವನನ್ನು ಹೆದರಿಸಬಲ್ಲ ದೆವ್ವ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆಂದರೆ ಅವರು ಕೂಡಲೇ ತಿದ್ದುತ್ತಾರೆ: “ಹುಟ್ಟಿದ್ರೆ ಅದ್ಯಾವ ಸೀಮೆ ದೆವ್ವನೇ? ಸಾಯ್‌ಬೇಕು ಕಣೇ!”

ಹಾಗಂತ ಮಾವ ಮಂತ್ರವಾದಿಯೇನಲ್ಲ. ಸಿ.ಎಸ್. ಪುರದ ಪಕ್ಕದ ಊರಿನವರು. ಲೈನ್‌ಮನ್ ಆಗಿ ಕಂಬ ಹತ್ತಿ ಹತ್ತಿ ನಿವೃತ್ತರಾಗಿ, ಈಗ ಮಗ ಸೊಸೆಯ ಜೊತೆ ಇದ್ದುಕೊಂಡು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಅವರಿಗಿರುವುದು ಒಂದೇ ಚಟ. ದೆವ್ವದ ಕಾದಂಬರಿ ಓದುವುದು, ಅದು ಸಿನಿಮಾ ಆದರೆ ಬಸ್ ಹತ್ತಿ ತುಮಕೂರಿಗೆ ಬಂದು ನೋಡುವುದು, ನೋಡಿದ ಮೇಲೆ ಬೈಯುವುದು. ಬೈಗುಳ ಕೇಳಿಸಿಕೊಳ್ಳಲು ಒಬ್ಬರು ಬೇಕಲ್ಲ? ಅದಕ್ಕೇ ತುಮಕೂರಿನ ಸದಾಶಿವನಗರದಲ್ಲಿ ನಾನಿದ್ದೇನೆ!

ಮಾವ ನೋಡುವುದು ಮಾರ್ನಿಂಗ್ ಶೋ ಮಾತ್ರ. ಅದೂ ಹೊಟ್ಟೆ ತುಂಬ ತಟ್ಟೆ ಇಡ್ಲಿ ತಿಂದ ಮೇಲೆ. “ರಾತ್ರಿ ಹೊತ್ತು ಹಸ್ಕೊಂಡಿರೋನ್ನ ಬೆಕ್ಕೂ ಹೆದ್ರಿಸ್ತದೆ. ಹಗಲಲ್ಲಿ, ಇಡ್ಲಿ ತಿಂದು ಕುಂತಿರೋನ್ನ ಹೆದ್ರಿಸ್ಲಿ, ಆಗ ಒಪ್ಕೋತೀನಿ” ಎಂಬುದು ಅವರ ಪರೀಕ್ಷೆ. ಈ ಪರೀಕ್ಷೆಯಲ್ಲಿ ದೆವ್ವಗಳೆಲ್ಲ ಸಾಲಾಗಿ ಫೇಲು! ಒಮ್ಮೆ ತೆರೆಯ ಮೇಲೆ ಹಳೇ ಬಂಗಲೆ, ಒಂಟಿ ಹೆಂಗಸು, ಲೈಟು ಪಕಪಕ ಎನ್ನುತ್ತಿದೆ. ಥಿಯೇಟರಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾರೆ. ನಾನಂತೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಮಾವ ಇದ್ದಕ್ಕಿದ್ದಂತೆ ಗಟ್ಟಿಯಾಗಿ, “ಲೂಸ್ ಕನೆಕ್ಷನ್!” ಎಂದರು. ಇಡೀ ಥಿಯೇಟರು ಗೊಳ್ಳೆಂದಿತು. ಪಾಪ, ಆಮೇಲೆ ಬಂದ ದೆವ್ವ ಎಷ್ಟು ಹಲ್ಲು ಕಿರಿದರೂ ಯಾರೂ ಅದನ್ನು ಕ್ಯಾರೇ ಅನ್ನಲಿಲ್ಲ.

ಹಾಗಾದರೆ ಹೆದರಿಸುವುದು ಹೇಗೆ? ಅದರ ಪ್ರಾತ್ಯಕ್ಷಿಕೆ ನಡೆದದ್ದು ಕುಣಿಗಲ್ಲಿನಲ್ಲಿ, ನನ್ನ ತಂಗಿಯ ಮಗುವಿನ ನಾಮಕರಣದ ದಿನ. ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ತಂಗಿಯ ಗಂಡ, “ಏನೇ ಹೇಳಿ ಮಾವ, ಪುಸ್ತಕಕ್ಕಿಂತ ಪಿಚ್ಚರ್ರೇ ಭಯ. ರಕ್ತ ಎಲ್ಲಾ ಕಣ್ಣಿಗೇ ಕಾಣ್ಸುತ್ತೆ” ಎಂದ.

“ಕಾಣ್ಸೋದ್ರಲ್ಲಿ ಏನಪ್ಪಾ ಭಯ...” ಎಂದು ಶುರು ಮಾಡಿದ ಮಾವ, ಮಾತು ಅರ್ಧಕ್ಕೇ ನಿಲ್ಲಿಸಿದರು. ಅಗಿಯುವುದನ್ನೂ ನಿಲ್ಲಿಸಿದರು. ಮೂಲೆಯಲ್ಲಿದ್ದ ಉಗ್ರಾಣದ ಬಾಗಿಲನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: “ಆ ಬಾಗ್ಲು ಆಗ್ಲಿಂದ್ಲೂ ಮುಚ್ಚೇ ಇತ್ತಾ?”

“ಯಾಕೆ ಮಾವ?”

“ಏನಿಲ್ಲ, ಬುಡು.”

ಅಷ್ಟೇ! ತಾಂಬೂಲದ ಚೀಲಗಳೆಲ್ಲ ಆ ಉಗ್ರಾಣದಲ್ಲಿ. ಹೊರಡಲು ಎದ್ದ ನೆಂಟರೆಲ್ಲ ಹಾಲ್‌ನಲ್ಲಿ. ತರುವವರು ಯಾರು? ತಂಗಿ ಗಂಡನಿಗೆ ಹೇಳಿದಳು, ಗಂಡ ತನ್ನ ಅಕ್ಕನಿಗೆ ಹೇಳಿದ, ಅಕ್ಕನಿಗೆ ಇದ್ದಕ್ಕಿದ್ದಂತೆ ಮಂಡಿನೋವು ಬಂತು! ಕೊನೆಗೆ ಮಾವನೇ ಒಳಗೆ ಹೋಗಿ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದು ಎಲ್ಲರ ಮುಂದೆ ನಿಂತರು. “ನಾನೇನಾರ ಹೇಳಿದ್ನಾ? ದೆವ್ವ ಅಂದ್ನಾ, ಭೂತ ಅಂದ್ನಾ? ಏನೂ ಹೇಳ್ಲಿಲ್ಲ, ಅದುಕ್ಕೇ ಹೆದರ್ಕಂಡ್ರಿ. ಬರೆಯೋರ್ಗೆ ಇದು ಗೊತ್ತದೆ, ಪಿಚ್ಚರ್ ತೆಗೆಯೋರ್ಗೆ ಗೊತ್ತಿಲ್ಲ.”

ಈ ಜ್ಞಾನ ಮಾವನಿಗೆ ಸಿಕ್ಕಿದ್ದು ಒಂದು ಕಾದಂಬರಿಯಿಂದ. ಬಹಳ ಹಿಂದೆ ವಾರಪತ್ರಿಕೆಯೊಂದರಲ್ಲಿ ಅದು ಧಾರಾವಾಹಿಯಾಗಿ ಬರುತ್ತಿತ್ತು. ಒಂದು ಮನೆ, ಮನೆಯೊಳಗೆ ಮುಚ್ಚಿದ ಒಂದು ಕೋಣೆ, ಸಂಜೆಯಾದರೆ ಒಳಗಿನಿಂದ ಬಳೆ ಸದ್ದು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಾವ ಜೋರಾಗಿ ಓದುತ್ತಿದ್ದರು. ಒಳಗೆ ನಮ್ಮತ್ತೆ ಕಾಯಿ ತುರಿಯುತ್ತಾ ಕೇಳುತ್ತಿದ್ದರು. ಅತ್ತೆಯ ಪುಕ್ಕಲುತನ ಊರಿಗೆಲ್ಲ ಗೊತ್ತಿತ್ತು. ಹಗಲಲ್ಲೂ ಕತ್ತಲೆ ಕೋಣೆಗೆ ಒಬ್ಬರೇ ಹೋಗುತ್ತಿರಲಿಲ್ಲ. ಲೈನ್‌ಮನ್ ಹೆಂಡತಿಗೆ ಕತ್ತಲೆಯ ಭಯ! ಕಥೆ ಆ ಕೋಣೆಯ ಹತ್ತಿರ ಬಂದರೆ ತುರಿಯುವ ಸದ್ದು ನಿಂತುಹೋಗುತ್ತಿತ್ತು.

“ಬಾಗ್ಲು ತೆಗುದ್ರಾ?”

“ಇಲ್ಲ ಕಣೇ.”

“ಸದ್ಯ!” ಎಂದು ಮತ್ತೆ ತುರಿಯುವುದು.

ಕಾದಂಬರಿ ಮುಗಿಯುವವರೆಗೂ ಆ ಬಾಗಿಲು ತೆಗೆಯಲೇ ಇಲ್ಲ. ಅತ್ತೆ ಮಾತ್ರ ಎಷ್ಟೋ ವರ್ಷ, ಸಾರಿಗೆ ಒಗ್ಗರಣೆ ಹಾಕುತ್ತಲೋ ಬಟ್ಟೆ ಮಡಿಸುತ್ತಲೋ, “ಒಳಗೆ ಯಾರಿದ್ದಿರಬೋದು ಅಂತೀರಾ?” ಎಂದು ಕೇಳುತ್ತಲೇ ಇದ್ದರು. ಅದು ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂದಾಗ, ಕಣ್ಣು ಮುಚ್ಚಿಕೊಂಡಾದರೂ ಸರಿ, ನಾನೂ ಬಂದೇ ಬರುತ್ತೇನೆ ಎಂದಿದ್ದರು. ಸಿನಿಮಾ ಬರುವ ಹೊತ್ತಿಗೆ ಅತ್ತೆಯೇ ಇರಲಿಲ್ಲ. ಜ್ವರ ಎಂದು ಮಲಗಿದವರು ಏಳಲಿಲ್ಲ.

ಸಿನಿಮಾಕ್ಕೆ ಮಾವ ನನ್ನನ್ನು ಕರೆದುಕೊಂಡು ಹೋದರು. ಅವತ್ತು ತಟ್ಟೆ ಇಡ್ಲಿ ಬೇಡ ಎಂದರು. ಲೈಟು ಪಕಪಕ ಎಂದಾಗಲೂ ಸುಮ್ಮನಿದ್ದರು. ಅವರಿಗೆ ಬೇಕಾಗಿದ್ದು ಒಂದೇ, ಆ ಬಾಗಿಲು ಮುಚ್ಚಿಕೊಂಡೇ ಇರಬೇಕು. ಸಿನಿಮಾದ ಪುಣ್ಯಾತ್ಮರು ಬಿಡುತ್ತಾರೆಯೇ? ಕೊನೆಯ ದೃಶ್ಯದಲ್ಲಿ ನಾಯಕ ಚಿಲಕಕ್ಕೆ ಕೈ ಹಾಕಿದ. “ತೆಗೀಬ್ಯಾಡ ಕಣ್ಲಾ!” ಎಂದು ಮಾವ ಎದ್ದು ನಿಂತೇಬಿಟ್ಟರು. ಅವನು ತೆಗೆದ. ಒಳಗಿನಿಂದ ಕಂಪ್ಯೂಟರಿನಲ್ಲಿ ಮಾಡಿದ ದೆವ್ವವೊಂದು ಬಾಯಿ ಕಿಸಿದುಕೊಂಡು ಹಾರಿಬಂತು. ಜನ ಮತ್ತೆ ಗೊಳ್ಳೆಂದು ನಕ್ಕರು. ಈ ಸಲ ಮಾವ ನಗಲಿಲ್ಲ.

ಹೊರಗೆ ಬಂದು ಥಿಯೇಟರಿನ ಮೆಟ್ಟಿಲ ಮೇಲೆ ಕೂತರು. ಬೈಗುಳಕ್ಕೆ ನಾನು ಕಿವಿ ಸಿದ್ಧಮಾಡಿಕೊಂಡೆ. ಅವರು ಬೈಯಲೇ ಇಲ್ಲ. “ಓದೋವಾಗ ಆ ರೂಮಲ್ಲಿ ಯಾರಿದಾರೆ ಅನ್ನೋದು ನಮ್ಗೆ ಬುಟ್ಟಿದ್ದು ಕಣೇ. ನಿಮ್ಮತ್ತೆಗೆ ಒಬ್ರು ಕಾಣ್ತಿದ್ರು, ನಂಗೊಬ್ರು ಕಾಣ್ತಿದ್ರು. ಇವ್ನು ಬಾಗ್ಲು ತೆಗುದು ಅವ್ನ ದೆವ್ವುನ್ನ ತಂದು ಕೂರುಸ್ಬುಟ್ಟ. ತೆಗುದ್ಮೇಲೆ ಇನ್ನೇನದೆ?” ಎಂದರು.

ಅದಾಗಿ ಸ್ವಲ್ಪ ದಿನಕ್ಕೆ ಪಿತೃಪಕ್ಷ ಬಂತು. ಅತ್ತೆಗೆ ಮೊದಲ ಎಡೆ. ನಮ್ಮ ಕಡೆ ಎಡೆ ಎಂದರೆ ತೀರಿಕೊಂಡವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಕೈಮುಗಿದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರುವುದು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ತೆಗೆಯುವುದು. ಒಬ್ಬಟ್ಟು, ಕಜ್ಜಾಯ, ಹುರುಳಿ ಸಾರು, ಮೆಂತ್ಯದ ಬಣ್ಣದ ಸೀರೆ, ಎಲ್ಲವನ್ನೂ ನಡುಕೋಣೆಯಲ್ಲಿ ಇಟ್ಟಾಯಿತು. ಬಾಗಿಲು ಮುಚ್ಚುವ ಮೊದಲು ಮಾವ ಸ್ಟೂಲು ಹತ್ತಿ, ತಾವೇ ಹಾಕಿದ್ದ ಹೊಸ ಬಲ್ಬನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. “ಲೈಟ್ ಹಾಕೇ ಇರ್ಲಿ. ಅವ್ಳಿಗೆ ಕತ್ಲೆ ಆಗಕಿಲ್ಲ” ಎಂದರು.

ಹೊರಗೆ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿನ ಒಂದು ಗೆರೆ ಕಾಣುತ್ತಿತ್ತು. ಹೊತ್ತಾಯಿತು. ಮಕ್ಕಳು ಹಸಿವು ಹಸಿವು ಎಂದು ರಾಗ ತೆಗೆದವು. ಮಾವನ ಮಗ ಎದ್ದು, “ಅಪ್ಪಾ, ತೆಗೀಲಾ?” ಎಂದ.

“ತಡಿಯೋ” ಎಂದರು ಮಾವ.

ಆಗಲೇ ಆ ಬೆಳಕಿನ ಗೆರೆ ಒಮ್ಮೆ ಪಕ್ಕನೆ ಆರಿ, ಮತ್ತೆ ಹತ್ತಿತು. ಧೈರ್ಯಕ್ಕೆ ನಾನು ಮಾವನ ಕಡೆ ತಿರುಗಿ ನಗಲು ನೋಡಿದೆ. “ಲೂಸ್ ಕನೆಕ್ಷನ್ನಾ ಮಾವ?”

ಮಾವ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಕಣ್ಣು ತುಂಬಿತ್ತು.

“ಅಲ್ಲ ಕಣೇ. ನಾನೇ ಟೈಟ್ ಮಾಡಿದೀನಿ” ಎಂದರು. ಆಮೇಲೆ ಮಗನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ಇನ್ನೊಂದ್ ಚೂರು ಹೊತ್ತು ತೆಗೀಬ್ಯಾಡಪ್ಪ. ಅವ್ಳು ಯಾವಾಗ್ಲೂ ನಿಧಾನುಕ್ಕೇ ಉಣ್ಣೋದು.”