ಎಂಟು ಜನ, ಐನೂರ ನಲವತ್ತನಾಲ್ಕು ಕಿಲೋ

ಅರ್ಜಿ ವಿಲೇವಾರಿ ಕಚೇರಿಯ ಲಿಫ್ಟು ನಿಂತುಹೋಗಲು ಅದರೊಳಗೆ ನಿಂತಿದ್ದವರ ತೂಕವೇ ಕಾರಣ ಎಂಬುದು ಕಡತದಲ್ಲಿ ದಾಖಲಾಗಿರುವ ಸಂಗತಿ. ಕಡತಕ್ಕೆ ಮೂರು ಸಹಿ ಬಿದ್ದಿವೆ. ಆದ್ದರಿಂದ ಈ ಬಗ್ಗೆ ಯಾರೂ ಸಂಶಯ ಇಟ್ಟುಕೊಳ್ಳಬೇಕಾಗಿಲ್ಲ.

ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲಿಫ್ಟಿನಲ್ಲಿ ಎಂಟು ಜನ ಇದ್ದರು. ಮುಖ್ಯಾಧಿಕಾರಿಗಳು, ಸೂಪರಿಂಟೆಂಡೆಂಟರು, ಉಗ್ರಾಣದ ಮೇಡಂ, ಕಡತ ಹೊರುವ ನಾಲ್ವರು ಜವಾನರು, ಮತ್ತು ಮೂಲೆಯ ಸ್ಟೂಲಿನ ಮೇಲೆ ಲಿಫ್ಟಣ್ಣ. ಲಿಫ್ಟಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಹತ್ತೊಂಬತ್ತು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ ಮೇಲೆ ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು.

ಲಿಫ್ಟಣ್ಣ ಆರನೇ ಮಹಡಿಯ ಗುಂಡಿ ಒತ್ತಿದ. ಬಾಗಿಲು ಅರ್ಧ ಬಂತು, ಏನೋ ನೆನಪಾದವರ ಹಾಗೆ ನಿಂತಿತು, ಹಿಂದಕ್ಕೆ ಹೋಯಿತು. ಹತ್ತು ಸಲ ಒತ್ತಿದರೂ ಅದೇ ಕಥೆ. ‘ಸುತ್ತು ರದ್ದು’ ಎಂದು ಪುಸ್ತಕದಲ್ಲಿ ಬರೆಯಲು ಅವನು ಜೇಬಿಗೆ ಕೈ ಹಾಕಿದ. ಪೆನ್ನು ಇತ್ತು, ಅದರ ಕೆಂಪು ಮುಚ್ಚಳ ಇರಲಿಲ್ಲ. ಯೋಚನೆ ಬಂದಾಗಲೆಲ್ಲ ಆ ಮುಚ್ಚಳವನ್ನು ಕಚ್ಚುವುದು ಅವನ ಅಭ್ಯಾಸ. ಈಗ ಯೋಚನೆ ಬಂದಿತ್ತು, ಕಚ್ಚಲು ಏನೂ ಸಿಗಲಿಲ್ಲ.

ಅಷ್ಟರಲ್ಲಿ ಮುಖ್ಯಾಧಿಕಾರಿಗಳ ಕಣ್ಣು ಗೋಡೆಯ ಹಿತ್ತಾಳೆ ಫಲಕದ ಮೇಲೆ ಬಿತ್ತು. ‘ಎಂಟು ಜನ, ೫೪೪ ಕಿಲೋ’ ಎಂದು ಅದರಲ್ಲಿ ಕೆತ್ತಿತ್ತು. ಅವರು ಮನಸ್ಸಿನಲ್ಲೇ ಭಾಗಿಸಿ, ತಲೆಗೆ ಅರವತ್ತೆಂಟು ಎಂದರು. ಆಮೇಲೆ ಲಿಫ್ಟಣ್ಣನ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು.

ಎಂಟೂ ಜನರನ್ನು ಪಾರ್ಸೆಲ್ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಲಾಯಿತು. ಒಟ್ಟು ಐನೂರ ಎಪ್ಪತ್ತನಾಲ್ಕು ಕಿಲೋ ಬಂತು. ಹೆಚ್ಚಾದದ್ದು ಮೂವತ್ತು. ಮೆಕ್ಯಾನಿಕ್‌ನನ್ನು ಕರೆಸಬಹುದಲ್ಲ ಎಂದು ಯಾರೋ ಹೇಳಿದರು, ಹೇಳಿದ ಹಾಗೆಯೇ ಪತ್ರವೂ ಹೋಯಿತು. ಆದರೆ ಹೊರಗಿನವರು ಒಳಬರಲು ಪಾಸು ಬೇಕು, ಪಾಸನ್ನು ಆರನೇ ಮಹಡಿಯಲ್ಲಿ ಖುದ್ದಾಗಿ ಬಂದವರಿಗೆ ಮಾತ್ರ ಕೊಡುತ್ತಾರೆ. ಮೆಕ್ಯಾನಿಕ್ ಗೇಟಿನ ಹೊರಗಿನ ಬೆಂಚಿನ ಮೇಲೆ ಕಾಯತೊಡಗಿದ. ಮಧ್ಯಾಹ್ನದೊಳಗೆ ಸುತ್ತೋಲೆ ಹೊರಟಿತು:

‘ಲಿಫ್ಟಿನ ದುರಸ್ತಿಯನ್ನು ತೂಕ ಇಳಿಕೆಯ ಮೂಲಕ ಕೈಗೊಳ್ಳಲು ತೀರ್ಮಾನಿಸಲಾಗಿದೆ. ಅಧಿಕಾರಿಗಳ ತೂಕ ಹುದ್ದೆಗೆ ಸೇರಿದ್ದಾದ್ದರಿಂದ ಅದನ್ನು ಇಳಿಸಲು ಮೇಲಿನ ಕಚೇರಿಯ ಅನುಮತಿ ಅಗತ್ಯ. ಜವಾನರು ತಲೆಗೆ ಅರವತ್ತು ಕಿಲೋ ಇದ್ದು, ಅವರಲ್ಲಿ ಇಳಿಸಲು ಏನೂ ಇಲ್ಲ. ಆದ್ದರಿಂದ ಸದರಿ ಮೂವತ್ತು ಕಿಲೋಗಳನ್ನು, ತೊಂಬತ್ತಾರು ಕಿಲೋ ಇರುವ ಲಿಫ್ಟ್ ಚಾಲಕನಿಂದ ಮೂರು ತಿಂಗಳೊಳಗೆ ವಸೂಲು ಮಾಡತಕ್ಕದ್ದು. ತಪ್ಪಿದಲ್ಲಿ ಲಿಫ್ಟು ಓಡುವುದಿಲ್ಲ. ಓಡದ ಲಿಫ್ಟಿಗೆ ಚಾಲಕ ಬೇಕಿಲ್ಲ. ಅವನನ್ನು ಊರಾಚೆಯ ಹಳೆ ಸಾಮಾನಿನ ಗೋದಾಮಿಗೆ ಕಳಿಸತಕ್ಕದ್ದು.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಜನ ಆಡಿಕೊಳ್ಳುತ್ತಾರೆ. ಈ ಕಚೇರಿಯಲ್ಲಿ ಹಾಗೆಲ್ಲ ಅನ್ಯಾಯ ನಡೆಯುವುದಿಲ್ಲ. ಎಮ್ಮೆಯ ಲಿಖಿತ ಒಪ್ಪಿಗೆ ಪಡೆದೇ ಬರೆ ಹಾಕುತ್ತಾರೆ. ಲಿಫ್ಟಣ್ಣ ಮುಚ್ಚಳವಿಲ್ಲದ ಪೆನ್ನಿನಿಂದ ಒಪ್ಪಿಗೆ ಬರೆದುಕೊಟ್ಟ.

ಮನೆಗೆ ಬಂದಾಗ ಹೆಂಡತಿಗೆ ಮೊದಲು ಕಂಡದ್ದು ಅಂಗಿಯ ಜೇಬಿನಲ್ಲಿ ಅಂಗೈಯಗಲ ಹರಡಿದ್ದ ನೀಲಿ ಕಲೆ. ಅದಕ್ಕೆ ಆಗಬೇಕಾದ ಮಂಗಳಾರತಿ ಆಯಿತು. ಅದು ಮುಗಿದ ಮೇಲೆ ಅವನು ಗೋದಾಮಿನ ವಿಷಯ ಹೇಳಿದ. ಆ ಗೋದಾಮನ್ನು ಅವನು ಒಮ್ಮೆ ನೋಡಿದ್ದ. ಕಾಲು ಮುರಿದ ಕುರ್ಚಿಗಳು, ನಿಂತ ಗಡಿಯಾರಗಳು, ದಿನವಿಡೀ ಮಾತಾಡಿಸಲು ಒಂದು ನರಪಿಳ್ಳೆ ಇಲ್ಲ. ಲಿಫ್ಟಿನಲ್ಲಾದರೆ ದಿನಕ್ಕೆ ಇನ್ನೂರು ಜನ. ಯಾರ ಮಗಳು ಪಾಸಾದಳು, ಯಾರಿಗೆ ಹಲ್ಲುನೋವು, ಎಲ್ಲ ಅವನಿಗೆ ಮೊದಲು ಗೊತ್ತಾಗುತ್ತಿತ್ತು. ಸ್ಟೂಲು ಹೋದರೆ ತಾನು ಯಾರು ಎಂಬುದೇ ಅವನಿಗೆ ತಿಳಿಯಲಿಲ್ಲ.

ಹೆಂಡತಿ ಅವನ ತಟ್ಟೆಯನ್ನು ಎತ್ತಿಟ್ಟು ಮಗುವಿನ ಕಾಲದ ಸಣ್ಣ ತಟ್ಟೆ ತಂದಿಟ್ಟಳು.

“ಇದೇನ್ ದೊಡ್ಡ ವಿದ್ಯೆನಾ ರೀ? ತಿನ್ನೋದು ಕಮ್ಮಿ ಮಾಡಿದ್ರೆ ತೂಕ ಇಳಿಯುತ್ತೆ. ದಿನಾ ನಡೆದ್ರೆ ಇಳಿದಿದ್ದು ಮತ್ತೆ ಏರಲ್ಲ. ಎರಡೂ ಮಾಡಿ, ಸುಮ್ನಿರಿ.”

ಅವನು ಎರಡೂ ಮಾಡಿದ, ಸುಮ್ಮನೂ ಇದ್ದ. ಸಣ್ಣ ತಟ್ಟೆಯಲ್ಲಿ ಒಂದೇ ಸಲ ಬಡಿಸಿಕೊಂಡ. ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದ. ಬಾಗಿಲು ಹಾಕದ ಲಿಫ್ಟಿನಲ್ಲಿ ಕೂತಿರಲು ನಾಚಿಕೆಯಾಗಿ ಜವಾನರ ಜೊತೆ ಮೆಟ್ಟಿಲು ಹತ್ತಿದ. ಒಂದು ತಿಂಗಳಿಗೆ ಎಂಬತ್ತೈದು ಕಿಲೋ ಆದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ ದಿನ ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಂಡು ನಕ್ಕ. ಹೀಗೇ ಬಿಟ್ಟಿದ್ದರೆ ಮೂರು ತಿಂಗಳಲ್ಲಿ ಬಾಕಿಯೂ ಇಳಿಯುತ್ತಿತ್ತೇನೋ. ಆದರೆ ಕಚೇರಿ ಅವನ ನೆರವಿಗೆ ಬಂತು.

ಅಷ್ಟು ಹೊತ್ತಿಗೆ ಎರಡು ಸಮಿತಿಗಳು ರಚನೆಯಾಗಿದ್ದವು. ಸೂಪರಿಂಟೆಂಡೆಂಟರದು ಆಹಾರ ಸಮಿತಿ. ಅದು ಕ್ಯಾಂಟೀನಿನಲ್ಲಿ ಸೇರಿ, ಯಾವುದನ್ನೆಲ್ಲ ತಿನ್ನಬಾರದೋ ಅದನ್ನೆಲ್ಲ ತಿಂದು ನೋಡಿ ಪಟ್ಟಿ ಮಾಡುತ್ತಿತ್ತು. ಉಗ್ರಾಣದ ಮೇಡಂ ಅವರದು ವ್ಯಾಯಾಮ ಸಮಿತಿ. ಅದರ ಸಭೆ ನಾಲ್ಕನೇ ಮಹಡಿಯಲ್ಲಿ ಎಂದು ನಿಗದಿಯಾಗಿತ್ತು. ಸದಸ್ಯರು ಮೊದಲನೇ ಮಹಡಿಯವರೆಗೆ ಹತ್ತಿ ಅಲ್ಲೇ ಕೂತು ಸಭೆ ಮುಗಿಸುತ್ತಿದ್ದರು. ಇಳಿದ ಹನ್ನೊಂದು ಕಿಲೋ ಯಾರದು ಎಂಬ ಪ್ರಶ್ನೆ ಈಗ ಎದ್ದಿತು. ನಮೂನೆಯಲ್ಲಿ ‘ಕಾರಣ’ ಎಂಬುದರ ಮುಂದೆ ಒಂದೇ ಚೌಕ ಇತ್ತು, ಅದರ ಕೆಳಗೆ ‘ಒಂದನ್ನು ಮಾತ್ರ ಬರೆಯಿರಿ’ ಎಂದಿತ್ತು.

ಎರಡರಿಂದಲೂ ಇಳಿಯಿತು ಎಂದು ಲಿಫ್ಟಣ್ಣ ಹೇಳಿನೋಡಿದ. ಒಂದು ಕಿಲೋವನ್ನು ಎರಡು ಸಮಿತಿಗಳಿಗೆ ಬರೆದರೆ ಎರಡು ಕಿಲೋ ಆಗುತ್ತದೆ, ಅದು ಸುಳ್ಳು ಲೆಕ್ಕವಾಗುತ್ತದೆ ಎಂದು ಸೂಪರಿಂಟೆಂಡೆಂಟರು ತಿಳಿಹೇಳಿದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕೊನೆಗೆ ಮುಖ್ಯಾಧಿಕಾರಿಗಳು ಪರೀಕ್ಷೆಗೆ ಅಪ್ಪಣೆ ಕೊಟ್ಟರು. ಒಂದು ವಾರ ಶುದ್ಧ ಆಹಾರ, ವ್ಯಾಯಾಮದ ಸೋಂಕು ಇರಕೂಡದು. ಮರುವಾರ ಶುದ್ಧ ವ್ಯಾಯಾಮ, ಪಥ್ಯದ ನೆರಳೂ ಬೀಳಕೂಡದು. ಹೀಗೆ ಎಂಟು ವಾರ.

ಆಹಾರದ ವಾರದಲ್ಲಿ ಲಿಫ್ಟಣ್ಣ ಸ್ವಂತ ಕಾಲಿನಿಂದ ಒಂದು ಹೆಜ್ಜೆ ಇಟ್ಟರೂ ಫಲಿತಾಂಶ ಕೆಡುತ್ತಿತ್ತು. ಬೆಳಿಗ್ಗೆ ನಾಲ್ವರು ಜವಾನರು ಮರದ ತೋಳುಕುರ್ಚಿಯೊಂದನ್ನು ಗೇಟಿಗೆ ತಂದು ಅವನನ್ನು ಕೂರಿಸಿ, ಆರು ಮಹಡಿ ಹೊತ್ತು ಮೇಲೊಯ್ಯುತ್ತಿದ್ದರು. ಪ್ರತಿ ಮಹಡಿಯಲ್ಲೂ ಅವನ ಹಾಜರಿ ಬೇಕಾಗಿದ್ದರಿಂದ ದಿನಕ್ಕೆ ಎಂಟು ಸಲ ಹತ್ತಿಸಿ ಇಳಿಸುತ್ತಿದ್ದರು. ಅವನು ಕುರ್ಚಿಯಲ್ಲಿ ಕೂತು ಎರಡು ಸೌತೆಕಾಯಿ ತಿನ್ನುತ್ತಿದ್ದ. ನಾಚಿಕೆಯಿಂದ ಮೊದಲ ದಿನ ಕಣ್ಣು ಮುಚ್ಚಿಕೊಂಡಿದ್ದ. ಮೂರನೇ ದಿನ ಕುರ್ಚಿ ಮಹಡಿ ಮುಟ್ಟಿದ್ದೇ ತಡ, ಹತ್ತೊಂಬತ್ತು ವರ್ಷದ ಬಾಯಿ ತಾನಾಗಿ ತೆರೆದು “ಮೂರನೇ ಮಹಡಿ” ಎಂದಿತು. ಅಲ್ಲಿ ನಿಂತಿದ್ದ ಇಬ್ಬರು, ಅಭ್ಯಾಸಬಲದಿಂದ, ಕುರ್ಚಿಯ ಹಿಂದೆ ಸಾಲಾಗಿ ಹತ್ತತೊಡಗಿದರು.

ವ್ಯಾಯಾಮದ ವಾರದಲ್ಲಿ ಅವನೇ ಓಡಿ ಹತ್ತಬೇಕು. ಪಥ್ಯದ ಪ್ರಭಾವ ಸೊನ್ನೆಯಾಗಿರಲು, ಕ್ಯಾಂಟೀನಿನವನು ಹಿಂದೆಯೇ ಹತ್ತುತ್ತ, ಅವನು ಸಾಕು ಎನ್ನುವವರೆಗೆ ಬಡಿಸುತ್ತಿದ್ದ. ಒಮ್ಮೆಗೇ ಸಾಕು ಎಂದರೆ ಪಥ್ಯ ಎಂದು ಬರೆದುಕೊಳ್ಳುತ್ತಿದ್ದರು. ಆದ್ದರಿಂದ ಅವನು ಮೂರನೆಯ ಸಲಕ್ಕೆ ಸಾಕು ಎನ್ನುವುದನ್ನು ಕಲಿತ.

ಆಹಾರದ ವಾರದಲ್ಲಿ ಒಂದು ಕಿಲೋ ಇಳಿಯುತ್ತಿತ್ತು, ವ್ಯಾಯಾಮದ ವಾರದಲ್ಲಿ ಅದೇ ಕಿಲೋ ವಾಪಸಾಗುತ್ತಿತ್ತು. ಎರಡೂ ಸಮಿತಿಗಳು ಯಶಸ್ಸು ಘೋಷಿಸಿದವು. ಹೋದ ಕಿಲೋ ಸೋಮಾರಿಯಾಗಿತ್ತು, ಬಂದದ್ದು ಗಟ್ಟಿಮುಟ್ಟಾಗಿದೆ ಎಂದು ಉಗ್ರಾಣದ ಮೇಡಂ ವರದಿ ಬರೆದರು.

ಗಡುವಿಗೆ ಒಂದು ದಿನ ಉಳಿದಾಗಲೂ ಲಿಫ್ಟಣ್ಣ ಎಂಬತ್ತೈದೇ ಇದ್ದ. ಇನ್ನೂ ಹತ್ತೊಂಬತ್ತು ಕಿಲೋ ಬಾಕಿ, ವರ್ಷಕ್ಕೊಂದರ ಹಾಗೆ. ಆ ಸಂಜೆ ಅವನು ಲಿಫ್ಟಿನೊಳಗೆ ಹೋಗಿ ಸ್ಟೂಲಿನ ಧೂಳು ಒರೆಸಿದ, ಗುಂಡಿಗಳನ್ನು ಒಂದೊಂದಾಗಿ ಒರೆಸಿದ. ಮನೆಯಲ್ಲಿ ಹೆಂಡತಿ ಆ ಒಂದು ದಿನಕ್ಕೆ ದೊಡ್ಡ ತಟ್ಟೆ ಇಟ್ಟಳು. ಅವನಿಗೆ ತುತ್ತು ಇಳಿಯಲಿಲ್ಲ.

ಮರುದಿನ ಎಂಟೂ ಜನರನ್ನು ಮತ್ತೆ ತಕ್ಕಡಿಯ ಬಳಿ ಸೇರಿಸಿದರು. ಅಧಿಕಾರಿಗಳು ಇದ್ದಷ್ಟೇ ಇರುವುದಾಗಿ ಬರೆದುಕೊಟ್ಟರು. ಲಿಫ್ಟಣ್ಣ ಎಂಬತ್ತೈದು. ಆಮೇಲೆ ಜವಾನರು ಹತ್ತಿದರು. ತಲೆಗೆ ಐವತ್ತೈದು ಬಂತು. ತಕ್ಕಡಿ ಕೆಟ್ಟಿದೆಯೆಂದು ಎರಡು ಸಲ ತಟ್ಟಿ ನೋಡಿದರು. ಎಂಬತ್ತೈದು ಕಿಲೋ ಹೊತ್ತು ದಿನಕ್ಕೆ ಎಂಟು ಸಲ ಆರು ಮಹಡಿ ಹತ್ತಿದ್ದರಿಂದ, ಹೊರುತ್ತ ಹೊರುತ್ತ ಊಟದ ಹೊತ್ತು ತಪ್ಪುತ್ತಿದ್ದರಿಂದ, ಯಾವ ಸಮಿತಿಯ ಕಣ್ಣಿಗೂ ಬೀಳದೆ ನಾಲ್ವರೂ ಐದೈದು ಕಿಲೋ ಇಳಿದಿದ್ದರು. ಒಟ್ಟು ಐನೂರ ನಲವತ್ತಮೂರು ಆಯಿತು, ಬೇಕಾದ್ದಕ್ಕಿಂತ ಒಂದು ಕಿಲೋ ಕಡಿಮೆಯೇ. ಲಿಫ್ಟು ದುರಸ್ತಿಯಾಗಿದೆ ಎಂದು ಬರೆದು ಮೂವರು ಸಹಿ ಹಾಕಿದರು. ಲಿಫ್ಟಣ್ಣ ಹಿರಿಯ ಜವಾನನ ಕೈಹಿಡಿದು ಅತ್ತೇಬಿಟ್ಟ. “ಬಿಡಣ್ಣಾ, ನೀನಾದ್ರೂ ಕೂತ್ಕೊಂಡಿದ್ದೆ” ಎಂದು ಆ ಜವಾನ ಸಮಾಧಾನ ಮಾಡಿದ.

ರಿಬ್ಬನ್ ಕತ್ತರಿಸಿ ಎಂಟು ಜನ ಒಳಗೆ ನಿಂತರು. ಲಿಫ್ಟಣ್ಣ ಗುಂಡಿ ಒತ್ತಿದ. ಬಾಗಿಲು ಅರ್ಧ ಬಂತು, ನಿಂತಿತು, ಹಿಂದಕ್ಕೆ ಹೋಯಿತು.

ದುರಸ್ತಿಯಾದ ಲಿಫ್ಟು ಓಡುತ್ತಿಲ್ಲ ಎನ್ನಲು ನಿಯಮದಲ್ಲಿ ಅವಕಾಶ ಇರಲಿಲ್ಲ. ಆಗಲೇ ಮೆಕ್ಯಾನಿಕ್ ಪ್ರವೇಶಿಸಿದ. ಮೂರು ತಿಂಗಳು ಗೇಟಿನಲ್ಲಿ ಕೂತಿದ್ದವನನ್ನು, ಇವತ್ತು ಉದ್ಘಾಟನೆಗೆ ಬಂದ ಅತಿಥಿ ಎಂದುಕೊಂಡು ಕಾವಲುಗಾರ ಒಳಗೆ ಬಿಟ್ಟಿದ್ದ. ಅವನು ಮಂಡಿಯೂರಿ, ಬಾಗಿಲು ಜಾರುವ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಏನನ್ನೋ ಮೀಟಿ ತೆಗೆದ. ಬಾಗಿಲು ಸುಸೂತ್ರ ಮುಚ್ಚಿತು, ತೆರೆಯಿತು. ಅವನ ಅಂಗೈಯಲ್ಲಿ ಪೆನ್ನಿನ ಕೆಂಪು ಮುಚ್ಚಳ ಇತ್ತು. ಅದರ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು.

ಲಿಫ್ಟಣ್ಣನ ಕೈ ತಾನಾಗಿ ಜೇಬಿನ ಕಲೆಯನ್ನು ಮುಚ್ಚಿತು.

ಮುಖ್ಯಾಧಿಕಾರಿಗಳು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಹಳ ಶಾಂತವಾಗಿ ಹೇಳಿದರು:

“ನೋಡಪ್ಪಾ ಮೆಕ್ಯಾನಿಕ್ಕು, ಲಿಫ್ಟು ಓಡಿದ್ರೆ ಜನ ಮೆಟ್ಲು ಹತ್ತಲ್ಲ. ಹತ್ತದೇ ಇದ್ರೆ ತೂಕ ಏರುತ್ತೆ. ತೂಕ ಏರಿದ್ರೆ ಲಿಫ್ಟು ನಿಲ್ಲುತ್ತೆ. ಲಿಫ್ಟು ನಿಲ್ಲಬಾರದು ಅಂದ್ರೆ ಅದನ್ನ ಓಡಿಸ್ಲೇಬಾರದು. ಇದನ್ನ ಎಲ್ಲಿತ್ತೋ ಅಲ್ಲೇ ಇಡು.”

ಮೆಕ್ಯಾನಿಕ್ ಮುಚ್ಚಳವನ್ನು ಎಲ್ಲಿತ್ತೋ ಅಲ್ಲೇ ಇಟ್ಟ. ಬಾಗಿಲು ಅರ್ಧ ಬಂದು ನಿಂತದ್ದನ್ನು ಪರೀಕ್ಷಿಸಿ, ಸರಿಯಾಗಿದೆ ಎಂದು ಸಹಿ ಮಾಡಿದ.

“ಹಾಗಾದ್ರೆ ನಾನು ಸಾರ್? ಗೋದಾಮಿಗಾ?” ಎಂದು ಲಿಫ್ಟಣ್ಣ ಕೇಳಿದ.

ಮುಖ್ಯಾಧಿಕಾರಿಗಳು ತೋಳುಕುರ್ಚಿಯ ಕಡೆ ನೋಡಿದರು. ಮೂರು ತಿಂಗಳಲ್ಲಿ ಈ ಕಟ್ಟಡದಲ್ಲಿ ಒಮ್ಮೆಯೂ ಕೆಡದೆ ಮೇಲೆ ಹೋಗಿ ಕೆಳಗೆ ಬಂದದ್ದು ಅದೊಂದೇ. ಸಂಜೆಯೊಳಗೆ ಹೊಸ ಆದೇಶ ಹೊರಟು, ಸದರಿ ಕುರ್ಚಿಯನ್ನು ಕಚೇರಿಯ ಲಿಫ್ಟೆಂದೂ, ಅದರಲ್ಲಿ ಕೂತವನನ್ನು ಚಾಲಕನೆಂದೂ ಪರಿಗಣಿಸಲಾಯಿತು. ಹಿತ್ತಾಳೆ ಫಲಕವನ್ನು ಕಳಚಿ ಕುರ್ಚಿಯ ಬೆನ್ನಿಗೆ ಹೊಡೆಯಲಾಯಿತು.

ಈಗ ಬೆಳಿಗ್ಗೆ ಹತ್ತಕ್ಕೆ ನೆಲಮಹಡಿಯಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರೆ. ನಾಲ್ವರು ಜವಾನರು ಕುರ್ಚಿ ಎತ್ತುತ್ತಾರೆ, ಲಿಫ್ಟಣ್ಣ “ಮೇಲಕ್ಕೆ” ಎನ್ನುತ್ತಾನೆ, ಮೂವರು ಹಿಂದೆ ಹತ್ತುತ್ತಾರೆ. ನಾಲ್ಕನೆಯವರು ಸೇರಿಕೊಂಡರೆ ತೂಕ ಹೆಚ್ಚಾಯಿತೆಂದು ಅವನು ಗಂಟೆ ಬಾರಿಸುತ್ತಾನೆ. ಅವರು ಹಿಂದಿರುಗಿ ಹೋಗುವವರೆಗೆ ಕುರ್ಚಿ ಅಲುಗುವುದಿಲ್ಲ. ಅಂಥವರು ತಪ್ಪಾಯಿತೆಂದು ಇಳಿದುಹೋಗಿ ಮುಂದಿನ ಸುತ್ತಿಗೆ ಕಾಯುತ್ತಾರೆ. ಮೆಟ್ಟಿಲು ಖಾಲಿಯೇ ಇರುತ್ತದೆ, ಆದರೆ ಲಿಫ್ಟು ಇರುವಾಗ ಅದನ್ನು ಯಾರು ಹತ್ತುತ್ತಾರೆ. ಯಾರ ಮಗಳು ಪಾಸಾದಳು, ಯಾರಿಗೆ ಹಲ್ಲುನೋವು, ಮತ್ತೆ ಎಲ್ಲ ಅವನಿಗೆ ಮೊದಲು ಗೊತ್ತಾಗುತ್ತದೆ.

ಆದೇಶ ಬಂದ ದಿನ ಮನೆಯಲ್ಲಿ ಹೆಂಡತಿ ಸಣ್ಣ ತಟ್ಟೆಯನ್ನು ಮತ್ತೆ ಮುಂದಿಟ್ಟಳು. ಒಗೆದರೂ ಹೋಗದ ನೀಲಿ ಕಲೆಯನ್ನು ನೋಡಿ, ಪೆನ್ನಿನ ಮುಚ್ಚಳ ಸಿಕ್ಕಿತೇ ಎಂದು ಕೇಳಿದಳು.

“ಸಿಕ್ತು ಕಣೇ,” ಎಂದ ಲಿಫ್ಟಣ್ಣ. “ಆಫೀಸಿಗೆ ಬೇಕಾಗಿತ್ತು, ಅಲ್ಲೇ ಬಿಟ್ಟು ಬಂದೆ.”