ನೂರಕ್ಕೆ ಹನ್ನೆರಡು

“ನೂರಕ್ಕೆ ಹನ್ನೆರಡಾ? ಅಯ್ಯೋ ಮಗಾ, ನಮ್ಮನೆ ದಡ್ಡ ಶಿಖಾಮಣಿನೂ ಇಷ್ಟು ಕಡಿಮೆ ತಗೊಂಡಿರಲಿಲ್ವಲ್ಲೋ!”

ಹೊಲದೊಡತಿ ಅಜ್ಜಿ ಹಿಂದಿನಿಂದ ಬಗ್ಗಿ ಮೀಟರು ಓದಿದ್ದಕ್ಕೆ ಅಳತೆಗಾರ ಬೆಚ್ಚಿಬಿದ್ದ. ಮೀಟರಿನ ಮೂರು ಉಕ್ಕಿನ ಮುಳ್ಳುಗಳನ್ನು ಆಗಷ್ಟೇ ಮಣ್ಣಿಗೆ ಚುಚ್ಚಿದ್ದ.

“ಇದು ಮಾರ್ಕಲ್ಲ ಅಜ್ಜಿ, ಮಣ್ಣಿನ ತೇವ. ಹತ್ತು ಗಂಟೆಗೆ ಆಕಾಶದಲ್ಲಿ ಉಪಗ್ರಹ ಹಾದುಹೋಗುತ್ತೆ. ಅದೂ ಇಲ್ಲಿನ ತೇವ ಅಳೆಯುತ್ತೆ. ಅದರ ಲೆಕ್ಕಕ್ಕೂ ನನ್ನದಕ್ಕೂ ತಾಳೆಯಾದ್ರೆ ನನ್ನ ಕೆಲಸ ಕಾಯಂ. ಆಗದಿದ್ರೆ ನಾಳೆಯಿಂದ ಮನೇಲೇ.”

“ಅಂದ್ರೆ ಮೇಲಿಂದ ಇನ್ಸ್‌ಪೆಕ್ಟರು ಬರ್ತಾನೆ ಅನ್ನು! ಪರೀಕ್ಷೆ ಅಲ್ದೆ ಇನ್ನೇನು ಇದು?”

ಅಳತೆಗಾರ ವಾದಕ್ಕಿಳಿಯಲಿಲ್ಲ. ಮೂರು ವರ್ಷ ಹಂಗಾಮಿಯಾಗಿ ದುಡಿದವನಿಗೆ ವಾದ ಮರೆತೇ ಹೋಗಿರುತ್ತದೆ. ಹೊಲದ ತುಂಬ ಅವನೇ ನೆಟ್ಟ ಇಪ್ಪತ್ತು ಕೆಂಪು ಬಾವುಟಗಳಿದ್ದವು. ಒಂದೊಂದರ ಬುಡದಲ್ಲೂ ಒಂದೊಂದು ಅಳತೆ. ಎರಡನೆಯದಕ್ಕೆ ಹನ್ನೊಂದು ಬಂತು. ಮೂರನೆಯದಕ್ಕೆ ಮೀಟರು ಏಕ್‌ದಂ ಐವತ್ತೊಂದಕ್ಕೆ ನೆಗೆಯಿತು.

ತಲೆಯೆತ್ತಿದರೆ ಅಜ್ಜಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ತೊಟ್ಟಿಲ ಕೂಸಿಗೆ ಹಾಲು ಕುಡಿಸುವಷ್ಟು ಅಕ್ಕರೆಯಿಂದ ಏಳನೆಯ ಬಾವುಟಕ್ಕೆ ನೀರು ಹುಯ್ಯುತ್ತಿದ್ದಳು.

“ಅಜ್ಜೀ! ನೀರು ಹಾಕ್ಬೇಡಿ!”

“ಯಾರಿಗೂ ಹೇಳಲ್ಲ ಕಣೋ, ನೀನು ಬರ್ಕೋ.”

ಅಷ್ಟರಲ್ಲಿ ಪಕ್ಕದ ಹೊಲದ ನಿವೃತ್ತ ಮೇಷ್ಟ್ರು ಬದು ಹತ್ತಿ ಬಂದರು. “ತಪ್ಪೇನಿದೆ? ನಾವೂ ಗ್ರೇಸ್ ಮಾರ್ಕು ಕೊಡ್ತಿದ್ವಿ. ಇನ್ಸ್‌ಪೆಕ್ಟರು ಬರೋ ದಿನ ದಡ್ಡರನ್ನ ಮನೆಗೆ ಕಳಿಸ್ತಿದ್ವಿ.”

ಅಳತೆಗಾರನಿಗೆ ರೇಗಿತು. “ಅಷ್ಟೆತ್ತರದಿಂದ ನಿಮ್ಮ ಕೊಡದ ನೀರು ಕಾಣಲ್ಲ ಸಾರ್! ಅದು ಸುತ್ತಲಿನ ಹೊಲಗಳನ್ನೆಲ್ಲ ಒಟ್ಟಿಗೇ ನೋಡೋದು!”

“ಒಟ್ಟಿಗೇನಾ?” ಎಂದರು ಮೇಷ್ಟ್ರು. ಅಜ್ಜಿಯ ಮುಖ ನೋಡಿದರು. ಅಜ್ಜಿ ಮೆಲ್ಲಗೆ ಕೊಡ ಕೆಳಗಿಟ್ಟಳು.

ಬುದ್ಧಿ ಬಂತಲ್ಲ ಸದ್ಯ ಎಂದುಕೊಂಡ ಅಳತೆಗಾರ. ಅವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬಲ್ಲೆ ಎಂದು, ಒದ್ದೆ ಬಾವುಟಗಳಿಂದ ನಾಲ್ಕು ಹೆಜ್ಜೆ ಆಚೆ ಒಣ ಮಣ್ಣು ಹುಡುಕಿ ಹುಡುಕಿ ಚುಚ್ಚಿದ. ಸರಾಸರಿ ಹನ್ನೆರಡು! ಒಂಬತ್ತಕ್ಕೆಲ್ಲ ಫೋನಿನಲ್ಲೇ ಆಫೀಸಿಗೆ ಕಳಿಸಿದ.

“ಆಫೀಸಿನ ವ್ಯಾನು ಬರೋವರೆಗೂ ನಮ್ಮನೆ ಜಗುಲಿ ಮೇಲೆ ಒರಗಿಕೋ ಮಗಾ,” ಎಂದು ಅಜ್ಜಿ ಟೀ ಕೊಟ್ಟಳು, ದಿಂಬೂ ಕೊಟ್ಟಳು. ನಸುಕಿಗೇ ಎದ್ದಿದ್ದ ಜೀವ. ದಿಂಬಿಗೆ ತಲೆ ತಾಗಿದ್ದೇ ತಡ, ಕಾಯಂ ನೌಕರನ ಹಾಗೆ ನಿದ್ದೆ ಹೋದ. ನಡುವೆ ಎಲ್ಲೋ ಬುಡುಬುಡು ಸದ್ದು ಕೇಳಿತು. ತನ್ನದೇ ಗೊರಕೆ ಇರಬೇಕೆಂದು ಮಗ್ಗುಲು ಬದಲಿಸಿದ.

ಎಬ್ಬಿಸಿದ್ದು ಸಾಹೇಬರ ಫೋನು.

“ಏನ್ರೀ, ಹೊಲಕ್ಕೆ ಹೋಗಿದ್ರೋ, ಮನೇಲಿ ಕೂತು ಬರೆದ್ರೋ? ನಿಮ್ಮದು ಹನ್ನೆರಡು, ಉಪಗ್ರಹದ್ದು ನಲವತ್ತನಾಲ್ಕು!”

ಅಳತೆಗಾರ ಎದ್ದು ನೋಡಿದ. ಕಣ್ಣು ಹಾಯುವವರೆಗೂ ಹೊಲಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಎಲ್ಲ ಪಂಪುಗಳೂ ಬುಡುಬುಡು ಎನ್ನುತ್ತಿದ್ದವು. ಬದುವಿನ ಮೇಲೆ ಮೇಷ್ಟ್ರು ಬೆತ್ತ ಆಡಿಸುತ್ತ, “ಆ ಮೂಲೆಗೂ ಬಿಡ್ರೋ! ಇಡೀ ಕ್ಲಾಸು ಪಾಸಾಗ್ಬೇಕು!” ಎಂದು ಕೂಗುತ್ತಿದ್ದರು.

“ಸಾರ್, ಅದು… ಊರವರು ಪ್ರೀತಿಯಿಂದ…”

“ಪ್ರೀತಿನಾ? ನಾಳೆಯಿಂದ ಬರ್ಬೇಡಿ.”

ಫೋನು ಕಟ್ಟಾಯಿತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. “ಎಷ್ಟು ಬಂತಂತೆ ಮಗಾ?”

“ನಲವತ್ತನಾಲ್ಕು.”

“ಮೂವತ್ತೈದಾಗಿದ್ರೆ ಸಾಕಿತ್ತು!” ಅಜ್ಜಿ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. “ಮೇಷ್ಟ್ರೇ, ನಮ್ಮ ಹುಡುಗ ಪಾಸು!”

ಹೊಲದ ಆ ತುದಿಯಿಂದ ಈ ತುದಿಯವರೆಗೆ ಚಪ್ಪಾಳೆ ಬಿತ್ತು. ಅಳತೆಗಾರ ಜಗುಲಿ ಇಳಿಯುವಾಗ ಕೈಜಾರಿದ ಮೀಟರು, ಹೊಲದ ನೀರು ನುಗ್ಗಿದ್ದ ಅಂಗಳದ ಕೆಸರಿಗೆ ಚುಚ್ಚಿಕೊಂಡು ನಿಂತು, ಕೂದಲೆಳೆಯಷ್ಟೂ ತಪ್ಪದೆ ನಲವತ್ತನಾಲ್ಕು ತೋರಿಸಿತು.