ಸ್ಟೇರಿಂಗ್ ಬಿಟ್ಟು ಗಲ್ಲ ಬಡಿದುಕೊಂಡವರು

ಶಿಗ್ಗಾಂವಿಯಲ್ಲಿ ಕಾರು ಕಲಿಸುವ ಕೆಲಸ ನನ್ನದು. ಮಂದಿ ನನ್ನ ಹತ್ತಿರ ಬರುವುದೇ ತಪ್ಪು ಮಾಡಲಿಕ್ಕೆ, ಹಾಗಾಗಿ ನಗೆ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ. ನನಗಂತೂ ಅವರ ತಪ್ಪಿಗಿಂತ, ತಪ್ಪಾದ ಮರುಕ್ಷಣ ಅವರು ಏನು ಮಾಡುತ್ತಾರೆ ಎಂಬುದರ ಮೇಲೇ ಕಣ್ಣು. ನನ್ನಲ್ಲಿ ಕಲಿತ ಕಾಲೇಜಿನ ವಿಜ್ಞಾನದ ಮೇಡಂ ಒಬ್ಬರು ಹೇಳಿದ್ದರು: "ತಪ್ಪಾತು ಅಂತ ನಮಗ ತಿಳಿಯೂಕಿಂತ ಮೊದಲ ಮೆದುಳು ಒಳಗ ಗಂಟಿ ಹೊಡೀತೈತ್ರಿ ಸರ." ಆ ಗಂಟೆ ಯಾರಿಗೆ ಎಲ್ಲಿ ಕೇಳಿಸುತ್ತದೆ ಎಂದು ನೋಡುವ ಚಟ ಅಂದಿನಿಂದ ಹತ್ತಿದೆ. ಕಲಿಸುವಾಗ ಪಕ್ಕದ ಸೀಟಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ, ಅದಕ್ಕೇ ಇನ್ನೂ ಜೀವಂತ ಕೂತು ನೋಡುತ್ತಿದ್ದೇನೆ.

ಗಲ್ಲ

ಸವಣೂರ ಕಡೆಯ ಅಕ್ಕ ಒಬ್ಬರು ಕಲಿಯಲು ಬಂದರು. ಅವರದು ವೀಳ್ಯದೆಲೆಯ ತೋಟ. ಗಂಡನಿಗೆ ಕಣ್ಣು ಮಂಜಾಗಿ ಗಾಡಿ ಓಡಿಸುವುದು ನಿಂತಿತ್ತು. ಮನೆಯ ಸಣ್ಣ ಟೆಂಪೊ ಅಂಗಳದಲ್ಲೇ ನಿಂತಿತ್ತು, ಎಲೆ ಬೇರೆಯವರ ಗಾಡಿಯಲ್ಲಿ ಹುಬ್ಬಳ್ಳಿ ಪೇಟೆ ಮುಟ್ಟುವಷ್ಟರಲ್ಲಿ ಬಾಡುತ್ತಿತ್ತು. ಗಂಡನ ಅಣ್ಣ ಹೇಳಿಬಿಟ್ಟಿದ್ದರಂತೆ: "ಟೆಸ್ಟ್ ಪಾಸಾದ್ರ ಗಾಡಿ ನಿನ್ನ ಕೈಯಾಗ. ಫೇಲಾದ್ರ ಮಾರಿಬಿಡೂದ."

ಅಕ್ಕನ ಕೈ ಒಳ್ಳೆಯದಿತ್ತು. ಕಷ್ಟ ಒಂದೇ. ಗೇರು ತಪ್ಪಲಿ, ಎಂಜಿನ್ ಬಂದ್ ಆಗಲಿ, "ತಪ್ಪಾತೋ ನಮ್ಮಪ್ಪಾ" ಎಂದು ಎರಡೂ ಕೈ ಸ್ಟೇರಿಂಗ್ ಬಿಟ್ಟು, ಗುಡಿಯಲ್ಲಿ ನಿಂತವರ ಹಾಗೆ ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದರು. ಆಗಿದ್ದ ತಪ್ಪು ಸಣ್ಣದು, ಅದಕ್ಕೆ ಕ್ಷಮೆ ಕೇಳುವಷ್ಟರಲ್ಲಿ ಕಾರು ಗಟಾರದ ಕಡೆ ಹೊರಳುತ್ತಿತ್ತು.

"ಅಕ್ಕಾರ, ಗಾಡಿ ನಿಲ್ಲಿಸಿ ಬಡಕೋರಿ!" ಎಂದು ಕೂಗಿದೆ.

"ನಿಲ್ಲಿಸೂತನಾ ದೇವರು ಕಾಯ್ತಾನೇನ್ರಿ?" ಎಂದರು.

ಕಿವಿ

ಹಾನಗಲ್ಲಿನ ನಿವೃತ್ತ ಮಾಸ್ತರರೊಬ್ಬರು ಮಗಳ ಮನೆಯಲ್ಲಿದ್ದುಕೊಂಡು ಕಲಿಯುತ್ತಿದ್ದರು. ಜೀವಮಾನವೆಲ್ಲ ಬೇರೆಯವರ ತಪ್ಪು ತಿದ್ದಿದವರು, ತಮ್ಮದೊಂದನ್ನೂ ಒಪ್ಪಿದವರಲ್ಲ. ಒಂದು ದಿನ ಬಲಕ್ಕೆ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದರು.

"ಸರ, ಬಲಕ್ಕ ಹಾಕಿದ್ರಲ್ರಿ?"

"ಅದು ನನಗಲ್ಲೋ, ಹಿಂದ ಬರಾಕತ್ತಾನಲ್ಲ, ಅವಗ. ಬಲಕ್ಕ ಹೋಗಪಾ ಅಂತ."

ಇವರ ಮೆದುಳಿನಲ್ಲಿ ಗಂಟೆಯೇ ಇಲ್ಲವೇನೋ ಎಂದು ದಂಗಾದೆ. ಆಮೇಲೆ ಗಮನಿಸಿದೆ. ಬಾಯಿ ಎಷ್ಟೇ ವಾದ ಮಾಡಲಿ, ತಪ್ಪಾದ ಕೂಡಲೇ ಅವರ ಕಿವಿ ಕೆಂಪಗಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಸರ, ನೀವು ಒಪ್ಪಲಿಲ್ಲಂದ್ರೂ ನಿಮ್ಮ ಕಿವಿ ಒಪ್ಪತಾವ್ರಿ" ಎಂದುಬಿಟ್ಟೆ.

ಮರುದಿನ ಉರಿಬಿಸಿಲಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದರು.

ಕಾಲು

ಹಿರೇಬೆಂಡಿಗೇರಿಯ ಯಜಮಾನರೊಬ್ಬರು ರಸ್ತೆ ಪಕ್ಕದ ಜಲ್ಲಿ ರಾಶಿಗೆ ಕಾರು ಉಜ್ಜಿದರು. ಅಂದಿನಿಂದ ಆ ಜಾಗ ಬಂದರೆ ಸಾಕು, ಕಾರು ಆಮೆಯ ನಡಿಗೆಗೆ ಇಳಿಯುತ್ತಿತ್ತು. ಪಾಠ ಕಲಿತರಲ್ಲ ಎಂದು ನನಗೂ ಸಂತೋಷವೇ. ಆದರೆ ಜಲ್ಲಿ ಎತ್ತಿಕೊಂಡು ಹೋದ ಮೇಲೂ ಅದೇ ಕಥೆ.

"ಯಜಮಾನ್ರ, ಜಲ್ಲಿ ಎಲ್ಲೈತ್ರಿ ಈಗ?"

"ಇಲ್ಲಂತ ನನಗ ಗೊತ್ತೈತ್ರಿ ಸರ. ಕಾಲಿಗೆ ಗೊತ್ತಿಲ್ಲ."

ಸಂತೆಯ ದಿನ ನೋಡುತ್ತೇನೆ, ಚೀಲ ಹೊತ್ತು ನಡೆದು ಬರುತ್ತಿದ್ದ ಮನುಷ್ಯ ಅಲ್ಲಿಗೆ ಬಂದು ನಡಿಗೆಯನ್ನೇ ನಿಧಾನ ಮಾಡಿದರು! ದಿನಾ ಪಕ್ಕದಲ್ಲಿ ಕೂತು ಕೂತು ನನ್ನ ಕಾಲಿಗೂ ಅದೇ ರೂಢಿ ಬಿತ್ತು. ನಾನು ನಿಧಾನ ಮಾಡಿದ್ದು ನೋಡಿ ಹಿಂದಿನವರೂ ನಿಧಾನ ಮಾಡತೊಡಗಿದರು. ಕೊನೆಗೆ ಲಾರಿ ಡ್ರೈವರ್ ಒಬ್ಬ ತಲೆ ಹೊರಗೆ ಹಾಕಿ, "ಇಲ್ಲಿ ಹಂಪ್ ಎಲ್ಲಿ ಹಾಕ್ಯಾರ್ರಿ?" ಎಂದು ಕೇಳಿದ.

"ಯಜಮಾನ್ರ ತಲಿಯಾಗ" ಎಂದೆ.

ಟೆಸ್ಟ್

ಎಲೆ ತೋಟದ ಅಕ್ಕನ ಟೆಸ್ಟ್ ಬಂತು. ಅವರಿಗಿಂತ ನನಗೇ ಹೆಚ್ಚು ಹೆದರಿಕೆ. ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಗಲ್ಲ ಬಡಿದುಕೊಂಡರೆ ಟೆಂಪೊ ಮಾರಿಹೋಯಿತು ಎಂದೇ ಲೆಕ್ಕ. "ಅಕ್ಕಾರ, ಏನರ ಆಗಲಿ, ಕೈ ಬಿಡಬ್ಯಾಡ್ರಿ" ಎಂದು ಕೈಮುಗಿದೆ.

ಅಕ್ಕ ಸೀಟಿನಲ್ಲಿ ಕೂತರು. ಸಾಹೇಬರು ಪಕ್ಕದಲ್ಲಿ, ನಾನು ಹಿಂದೆ. ಚಾವಿ ತಿರುಗಿಸುವ ಮೊದಲು ಅಕ್ಕ ಕಣ್ಣು ಮುಚ್ಚಿ ಪಟಪಟನೆ ಗಲ್ಲ ಬಡಿದುಕೊಂಡರು.

"ಇನ್ನೂ ಗಾಡೀನ ಚಾಲೂ ಮಾಡಿಲ್ಲಲ್ರಿ, ಏನು ತಪ್ಪಾತು?" ಎಂದರು ಸಾಹೇಬರು.

"ಏನಿಲ್ರಿ. ಮುಂದ ಆಗೂ ತಪ್ಪಿಗೆಲ್ಲಾ ಈಗ ಬಡಕೊಂಡೆ. ಇನ್ನ ಕೈಗೆ ಬ್ಯಾರೆ ಕೆಲಸ ಇಲ್ರಿ."

ಕಾರು ಹೊರಟಿತು. ಗೇರು ಸರಿ, ತಿರುವು ಸರಿ. ಅಷ್ಟರಲ್ಲಿ ಎಮ್ಮೆಕರು ಒಂದು ಬಾಲವೆತ್ತಿ ಅಡ್ಡ ಓಡಿ ಬಂತು. ಅಕ್ಕ ಬ್ರೇಕ್ ಒತ್ತಿದರು, ಕಾರು ನಿಂತಿತು, ಜೊತೆಗೆ ಎಂಜಿನ್ನೂ ಬಂದ್ ಆಯಿತು. ಎರಡೂ ಕೈ ಸ್ಟೇರಿಂಗಿನಿಂದ ಮೇಲೆದ್ದವು. ಅರ್ಧಕ್ಕೇ ನಿಂತವು, ಸುಮ್ಮನೆ ಕೆಳಗಿಳಿದು ಸ್ಟೇರಿಂಗ್ ಹಿಡಿದವು. ಅಕ್ಕ ಗೇರು ತೆಗೆದು, ಎಂಜಿನ್ ಚಾಲೂ ಮಾಡಿ, ಕರು ದಾಟಲು ಬಿಟ್ಟು, ಮೆಲ್ಲಗೆ ಮುಂದೆ ಹೊರಟರು.

ಆದರೆ ಹಿಂದಿನ ಸೀಟಿನಿಂದ ಪಟಪಟ ಸದ್ದು ಬರುತ್ತಿತ್ತು. ಸಾಹೇಬರು ಹೊರಳಿ ನೋಡಿದರು. ನಾನೂ ಆಗಲೇ ನೋಡಿಕೊಂಡಿದ್ದು: ನನ್ನ ಬಲಗಾಲು ಇಲ್ಲದ ಬ್ರೇಕನ್ನು ನೆಲಕ್ಕೆ ಅದುಮಿ ಹಿಡಿದಿತ್ತು, ಎರಡೂ ಕೈ ಗಲ್ಲ ಬಡಿಯುತ್ತಿದ್ದವು, ಬಾಯಿ "ತಪ್ಪಾತೋ ನಮ್ಮಪ್ಪಾ" ಎನ್ನುತ್ತಿತ್ತು.

"ಅಕ್ಕಾರು ಪಾಸ್" ಎಂದರು ಸಾಹೇಬರು. "ಹಿಂದ ಕುಂತಾರಲ್ಲ, ಇವರಿಗೆ ಯಾರು ಕಲಿಸ್ಯಾರ?"

ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದರು, ಕೈ ಮಾತ್ರ ಸ್ಟೇರಿಂಗ್ ಬಿಡಲಿಲ್ಲ. "ಸರ, ನೀವೂ ಹೊರಡೂಕಿಂತ ಮೊದಲ ಬಡಕೊಂಡುಬಿಡಬೇಕಿತ್ತು ನೋಡ್ರಿ."